ಆಮೆಗೆ ಪಾಠ ಹೇಳಿದ ಮಕ್ಕಳು

ಸಮಬಾಹು ತ್ರಿಭುಜದ ಮೂರು ಕೋನಗಳೂ 60 ಡಿಗ್ರಿ. ಈ ಮಾತನ್ನು ಬಾಯಿಪಾಠ ಮಾಡಿಕೊಂಡಿರುವ ಮಗುವಿಗೆ ಕಂಪ್ಯೂಟರ್ ಪರದೆಯ ಮೇಲಿನ ಪುಟ್ಟ ಆಮೆಯೊಂದನ್ನು ತೋರಿಸಿ, ಇದರಿಂದ ತ್ರಿಭುಜ ಬರೆಸು ಎಂದು ಹೇಳಿದರು ಅಂದುಕೊಳ್ಳೋಣ. ಆಮೆಗೆ ಬರುವುದು ಎರಡೇ ಕೆಲಸ: ಹೇಳಿದಷ್ಟು ಹೆಜ್ಜೆ ಮುಂದೆ ಹೋಗುವುದು, ಹೇಳಿದಷ್ಟು ಡಿಗ್ರಿ ತಿರುಗುವುದು. ಅದು ನಡೆದ ದಾರಿಯಲ್ಲಿ ಗೆರೆ ಉಳಿಯುತ್ತದೆ. ಮಗು ಹಿಂದುಮುಂದು ನೋಡದೆ ಹೇಳುತ್ತದೆ: ನೂರು ಹೆಜ್ಜೆ ಮುಂದೆ ಹೋಗು, 60 ಡಿಗ್ರಿ ಬಲಕ್ಕೆ ತಿರುಗು, ಹೀಗೇ ಮೂರು ಸಲ ಮಾಡು. ಆಮೆ ಚಾಚೂ ತಪ್ಪದೆ ಮಾಡುತ್ತದೆ. ಪರದೆಯ ಮೇಲೆ ಮೂಡುವುದು ಮಾತ್ರ ಓರೆಯಾಗಿ ನಿಂತ ಬಾಣಲೆಯಂಥ ಒಂದು ಆಕೃತಿ, ಷಡ್ಭುಜದ ಅರ್ಧ. ಹಾಗಾದರೆ ಪುಸ್ತಕ ಹೇಳಿದ್ದು ಸುಳ್ಳೇ? ಪುಸ್ತಕ ಹೇಳಿದ್ದು ಆಕೃತಿಯ ಒಳಗಿನ ಕೋನದ ಮಾತು. ಅಂಚಿನ ಮೇಲೆ ನಡೆಯುವವನು ಮೂಲೆಯಲ್ಲಿ ತಿರುಗಬೇಕಾದದ್ದು ಬಾಹ್ಯಕೋನದಷ್ಟು, ಅಂದರೆ 120. ಇದು ತಿಳಿಯಬೇಕಾದರೆ ಮಗು ಕುರ್ಚಿ ಬಿಟ್ಟು ಎದ್ದು ತಾನೇ ನಾಲ್ಕು ಹೆಜ್ಜೆ ನಡೆದು ತಿರುಗಿ ನೋಡಬೇಕಾಗುತ್ತದೆ. ಹಾಗೆ ನೋಡುತ್ತ ಹೋದರೆ ಇನ್ನೊಂದು ಸಂಗತಿಯೂ ಕಣ್ಣಿಗೆ ಬೀಳುತ್ತದೆ. ತ್ರಿಭುಜಕ್ಕೆ 120 ಮೂರು ಸಲ, ಚೌಕಕ್ಕೆ 90 ನಾಲ್ಕು ಸಲ, ಷಡ್ಭುಜಕ್ಕೆ 60 ಆರು ಸಲ. ಎಲ್ಲಿ ಕೂಡಿದರೂ 360. ಒಂದು ಸುತ್ತು ಬಂದು ಹೊರಟ ಜಾಗದಲ್ಲೇ, ಹೊರಟ ದಿಕ್ಕಿಗೇ ಮುಖ ಮಾಡಿ ನಿಂತರೆ ಒಟ್ಟು ತಿರುಗಿದ್ದು ಅಷ್ಟೇ ಇರಬೇಕಲ್ಲವೇ?

ಕಂಪ್ಯೂಟರ್ ಪ್ರೋಗ್ರಾಮ್ ಬರೆಯಿಸುತ್ತ ಗಣಿತ ಕಲಿಸುವ ಈ ಯೋಚನೆಗೆ ಈಗ ಅರವತ್ತರ ಆಸುಪಾಸಿನ ವಯಸ್ಸು. ಇಷ್ಟು ವರ್ಷಗಳಲ್ಲಿ ಅದನ್ನು ಹೊಗಳಿದವರೂ ಬಹಳ, ಅದರ ಕಥೆ ಮುಗಿಯಿತು ಎಂದವರೂ ಬಹಳ. ಇಬ್ಬರ ಮಾತೂ ಹೆಚ್ಚಾಗಿ ಯಂತ್ರದ ಸುತ್ತಲೇ ತಿರುಗಿದೆ: ಯಾವ ಭಾಷೆ, ಎಷ್ಟು ಕಂಪ್ಯೂಟರ್, ಎಷ್ಟು ಗಂಟೆ. ಇತಿಹಾಸವನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ನಿರ್ಣಾಯಕವಾದದ್ದು ಬೇರೆಯೇ ಎಂದು ನನಗೆ ತೋರುತ್ತದೆ. ಲೆಕ್ಕದ ತರಗತಿಯಲ್ಲಿ ಮಗು ಯಾವ ಜಾಗದಲ್ಲಿ ನಿಂತಿದೆ, ವಿಧಾನವನ್ನು ಹೇಳುವ ಜಾಗದಲ್ಲೋ ಅಥವಾ ಯಾರೋ ಹೇಳಿದ ವಿಧಾನವನ್ನು ಮಾಡಿ ಮುಗಿಸುವ ಜಾಗದಲ್ಲೋ ಎಂಬುದೇ ಆ ಸಂಗತಿ. ಪ್ರೋಗ್ರಾಮಿಂಗ್ ಈ ಜಾಗವನ್ನು ಅದಲುಬದಲು ಮಾಡಿದ ಕಡೆ ಗಣಿತ ಕಲಿಸಿದೆ. ಅದು ಗಣಿತದ ಮನೆಯಿಂದ ಹೊರಬಿದ್ದು ಬೇರೆ ಒಲೆ ಹೂಡಿದ ಕಡೆ ಪ್ರೋಗ್ರಾಮಿಂಗನ್ನು ಬಿಟ್ಟು ಬೇರೇನನ್ನೂ ಕಲಿಸಿಲ್ಲ.

ಮಗು ಮಾಡಿ ಮುಗಿಸುವ ಜಾಗದಲ್ಲಿ ನಿಂತದ್ದಕ್ಕೆ ಒಳ್ಳೆಯ ಕಾರಣವಿತ್ತು ಎಂಬುದನ್ನು ಮರೆಯಬಾರದು. ನಮ್ಮ ಕೂಲಿಮಠಗಳಲ್ಲಿ, ಐಗಳ ಮಠಗಳಲ್ಲಿ ಹುಡುಗರು ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನೂ ಕಂಠಪಾಠ ಮಾಡುತ್ತಿದ್ದರು. ಶಾನುಭೋಗನ ಕಂದಾಯದ ಲೆಕ್ಕಕ್ಕೆ, ಅಂಗಡಿಯ ತೂಕ ಅಳತೆಗೆ ತಪ್ಪಿಲ್ಲದೆ ಬೇಗ ಲೆಕ್ಕ ಮಾಡುವ ಮನುಷ್ಯರು ಬೇಕಾಗಿದ್ದರು. ಲೋಕದ ಬೇರೆ ಕಡೆಯೂ ಕಥೆ ಇದೇ. ಇಪ್ಪತ್ತನೇ ಶತಮಾನದ ನಡುಭಾಗದವರೆಗೆ ಇಂಗ್ಲಿಷಿನಲ್ಲಿ ‘ಕಂಪ್ಯೂಟರ್’ ಎಂದರೆ ಯಂತ್ರವಾಗಿರಲಿಲ್ಲ, ಒಂದು ಉದ್ಯೋಗದ ಹೆಸರಾಗಿತ್ತು. ಖಗೋಳ ಕೋಷ್ಟಕಗಳನ್ನೂ ಫಿರಂಗಿ ಗುಂಡಿನ ಪಥದ ಪಟ್ಟಿಗಳನ್ನೂ ಕೂತು ಲೆಕ್ಕ ಹಾಕುತ್ತಿದ್ದವರನ್ನು ಹಾಗೆ ಕರೆಯುತ್ತಿದ್ದರು. ಶಾಲೆಯಲ್ಲಿ ಕಲಿಸುವ ಉದ್ದನೆಯ ಭಾಗಾಕಾರ ಒಂದು ಅಚ್ಚುಕಟ್ಟಾದ ಪ್ರೋಗ್ರಾಮ್: ಭಾಗಿಸು, ಗುಣಿಸು, ಕಳೆ, ಮುಂದಿನ ಅಂಕಿಯನ್ನು ಕೆಳಗಿಳಿಸು, ಮತ್ತೆ ಮೊದಲಿನಿಂದ. ಅದನ್ನು ಬರೆದವರು ಯಾರೋ ಹಿಂದಿನವರು. ಓಡಿಸುವ ಯಂತ್ರ ಮಾತ್ರ ಹತ್ತು ವರ್ಷದ ಮಗು. ನಿಜವಾದ ಯಂತ್ರ ಬಂದ ಮೇಲೆ ಶಾಲೆಯ ಮುಂದೆ ಎರಡು ದಾರಿಗಳು ತೆರೆದುಕೊಂಡವು: ಮಗುವನ್ನು ಇನ್ನೂ ಚುರುಕಾದ ಯಂತ್ರವನ್ನಾಗಿ ತಯಾರು ಮಾಡುವುದು ಒಂದು, ಯಂತ್ರದ ಕೆಲಸವನ್ನು ಯಂತ್ರಕ್ಕೆ ಬಿಟ್ಟು ಮಗುವನ್ನು ವಿಧಾನ ಹೇಳುವವರ ಜಾಗಕ್ಕೆ ಕರೆದುಕೊಂಡು ಬರುವುದು ಇನ್ನೊಂದು.

1960ರ ದಶಕದ ಅಮೆರಿಕದಲ್ಲಿ ಎರಡು ದಾರಿಗಳಲ್ಲೂ ಜನ ಹೊರಟರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪ್ಯಾಟ್ರಿಕ್ ಸಪ್ಪಿಸ್ ಮತ್ತು ಸಂಗಡಿಗರು ಟೆಲಿಟೈಪ್ ಯಂತ್ರದ ಮುಂದೆ ಮಕ್ಕಳನ್ನು ಕೂರಿಸಿ ಕೂಡುವ ಕಳೆಯುವ ಲೆಕ್ಕಗಳನ್ನು ಕೊಟ್ಟರು. ಉತ್ತರ ತಪ್ಪಿದರೆ ಯಂತ್ರ ಮತ್ತೆ ಕೇಳುತ್ತಿತ್ತು, ಸರಿಯಾದರೆ ಮುಂದಿನದಕ್ಕೆ ಹೋಗುತ್ತಿತ್ತು. ಪ್ರತಿ ಮಗುವಿಗೂ ಅದರದೇ ವೇಗದಲ್ಲಿ ಅಭ್ಯಾಸ ಸಿಕ್ಕಿತು. ಅದು ಸಣ್ಣ ಸಾಧನೆಯಲ್ಲ. ಆದರೆ ಪ್ರಶ್ನೆ ಕೇಳುವ ಅಧಿಕಾರ ಯಂತ್ರದ ಬಳಿಯೇ ಉಳಿಯಿತು. ಅದೇ ಹೊತ್ತಿಗೆ ನ್ಯೂ ಹ್ಯಾಂಪ್‌ಷೈರ್‌ನ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ, ಥಾಮಸ್ ಕರ್ಟ್ಸ್ ಎಂಬ ಇಬ್ಬರು ಗಣಿತ ಪ್ರಾಧ್ಯಾಪಕರು ಎರಡನೆಯ ದಾರಿ ಹಿಡಿದರು. ವಿಜ್ಞಾನ ಓದದ ವಿದ್ಯಾರ್ಥಿಗೂ ಕೆಲವೇ ಗಂಟೆಗಳಲ್ಲಿ ಕೈಗೆ ಹತ್ತುವಂಥ ಬೇಸಿಕ್ ಭಾಷೆಯನ್ನು ಅವರು ಕಟ್ಟಿದರು. 1964ರ ಮೇ 1ರ ನಸುಕಿನಲ್ಲಿ ಅದರ ಮೊದಲ ಪ್ರೋಗ್ರಾಮ್‌ಗಳು ಓಡಿದವು. ಗಣಿತದ ಮೊದಲ ವರ್ಷದ ತರಗತಿಗಳಲ್ಲಿ ಕಲನಶಾಸ್ತ್ರ ಕಲಿಯುವ ವಿದ್ಯಾರ್ಥಿಗಳು ಪ್ರೋಗ್ರಾಮ್ ಬರೆದು ಒಪ್ಪಿಸಬೇಕಾಯಿತು. ಒಂದು ವಿಧಾನವನ್ನು ಯಂತ್ರಕ್ಕೆ ತಿಳಿಯುವ ಹಾಗೆ ಹೇಳಬೇಕಾದರೆ ಅದನ್ನು ಮೊದಲು ತಾನು ಅರಿತಿರಬೇಕು ಎಂಬುದು ಇದರ ಹಿಂದಿನ ತರ್ಕ. ಪಾಠ ಹೇಳಿ ನೋಡಿದ ಯಾವ ಮೇಷ್ಟ್ರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ತರ್ಕವನ್ನು ಚಿಕ್ಕ ಮಕ್ಕಳವರೆಗೆ ತಂದವರು ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿದ್ದ ಬೋಲ್ಟ್ ಬೆರಾನೆಕ್ ಅಂಡ್ ನ್ಯೂಮನ್ ಸಂಸ್ಥೆಯವರು. ಅಲ್ಲಿನ ವಾಲಿ ಫರ್ಜೈಗ್ 1965–66ರಲ್ಲಿ ಟೆಲ್‌ಕಾಂಪ್ ಎಂಬ ಭಾಷೆಯನ್ನು ಕೆಲವು ಶಾಲೆಗಳ ಗಣಿತ ತರಗತಿಗಳಲ್ಲಿ ಬಳಸಿ ನೋಡಿದ್ದರು. ಮಕ್ಕಳಿಗೆ ಉತ್ಸಾಹವಿತ್ತು, ಆದರೆ ಭಾಷೆ ಎಂಜಿನಿಯರುಗಳ ಅಂಕಿಸಂಖ್ಯೆಗಳಿಗಾಗಿ ಹುಟ್ಟಿದ್ದು. ಮಕ್ಕಳಿಗಾಗಿಯೇ ಒಂದು ಭಾಷೆ ಬೇಕೆನಿಸಿದಾಗ ಫರ್ಜೈಗ್, ಸೀಮೋರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್, ಡೇನಿಯಲ್ ಬೊಬ್ರೋ ಸೇರಿ ಲೋಗೋ ರೂಪಿಸಿದರು. 1967ರ ಬೇಸಿಗೆಯಲ್ಲಿ ಲಿಂಕನ್ ಊರಿನ ಹ್ಯಾನ್ಸ್‌ಕಮ್ ಶಾಲೆಯ ಐದು, ಆರನೇ ತರಗತಿಯ ಮಕ್ಕಳ ಕೈಗೆ ಅದು ಮೊದಲು ಬಂತು. 1968–69ರಲ್ಲಿ ಲೆಕ್ಸಿಂಗ್ಟನ್‌ನ ಮಜ್ಜಿ ಶಾಲೆಯ ಏಳನೇ ತರಗತಿಯೊಂದು ಇಡೀ ವರ್ಷ ಮಾಮೂಲಿ ಗಣಿತದ ಪಾಠದ ಬದಲು ಲೋಗೋದಲ್ಲೇ ಗಣಿತ ಮಾಡಿತು. ಯಂತ್ರ ಬೇರೆಲ್ಲೋ ಇತ್ತು. ತರಗತಿಯಲ್ಲಿದ್ದದ್ದು ದೂರವಾಣಿ ತಂತಿಯ ತುದಿಯ ಟೆಲಿಟೈಪ್. ಆಮೆ ಇನ್ನೂ ಹುಟ್ಟಿರಲಿಲ್ಲ. ಮಕ್ಕಳು ಪದಗಳ ಮೇಲೆ, ಸಂಖ್ಯೆಗಳ ಮೇಲೆ ಕೆಲಸ ಮಾಡುವ ಪುಟ್ಟ ಪ್ರೋಗ್ರಾಮ್‌ಗಳನ್ನು ಬರೆದು, ಒಂದನ್ನು ಇನ್ನೊಂದರೊಳಗೆ ಜೋಡಿಸುತ್ತಿದ್ದರು. 1969ರಲ್ಲಿ ತಂಡ ಒಪ್ಪಿಸಿದ ವರದಿಯ ಹೆಸರೇ ಉದ್ದೇಶವನ್ನು ಹೇಳುತ್ತದೆ: ಗಣಿತ ಕಲಿಸಲು ಪರಿಕಲ್ಪನೆಯ ಚೌಕಟ್ಟಾಗಿ ಪ್ರೋಗ್ರಾಮಿಂಗ್ ಭಾಷೆಗಳು. ಕಂಪ್ಯೂಟರ್ ಶಿಕ್ಷಣ ಎಂಬ ಮಾತು ಆ ಹೆಸರಿನಲ್ಲಿ ಇಲ್ಲ.

ಪ್ಯಾಪರ್ಟ್ 1928ರಲ್ಲಿ ದಕ್ಷಿಣ ಆಫ್ರಿಕಾದ ಪ್ರಿಟೋರಿಯದಲ್ಲಿ ಹುಟ್ಟಿದ ಗಣಿತಜ್ಞ; ಜಿನೀವಾದಲ್ಲಿ ಮನೋವಿಜ್ಞಾನಿ ಜೀನ್ ಪಿಯಾಜೆಯ ಜೊತೆ ಕೆಲವು ವರ್ಷ ದುಡಿದು, ಮಕ್ಕಳು ಹೇಗೆ ಯೋಚಿಸುತ್ತಾರೆ ಎಂಬುದನ್ನು ಹತ್ತಿರದಿಂದ ಕಂಡು ಎಂಐಟಿಗೆ ಬಂದವರು. ಅಲ್ಲಿನ ಅವರ ಬಳಗದಲ್ಲೇ ಆಮೆ ಬೆಳೆದದ್ದು. ಮೊದಲಿಗೆ ಅದು ಚಕ್ರಗಳ ಮೇಲೆ ನೆಲದಲ್ಲಿ ಓಡಾಡುತ್ತ ಹೊಟ್ಟೆಯಡಿಯ ಪೆನ್ನಿನಿಂದ ಗೆರೆ ಎಳೆಯುವ ನಿಜವಾದ ಯಂತ್ರವಾಗಿತ್ತು. ಹೆಸರು ಬಂದದ್ದು ಬ್ರಿಸ್ಟಲ್‌ನಲ್ಲಿ ಗ್ರೇ ವಾಲ್ಟರ್ 1940ರ ದಶಕದ ಕೊನೆಗೆ ಕಟ್ಟಿದ್ದ ಯಂತ್ರ ಆಮೆಗಳಿಂದ. ಆಮೇಲೆ ಅದು ಪರದೆ ಏರಿತು. ಲೋಗೋದಲ್ಲಿ ಚೌಕ ಬರೆಯುವ ಪ್ರೋಗ್ರಾಮ್ ಶುರುವಾಗುವುದು ‘ಟು ಸ್ಕ್ವೇರ್’ ಎಂದು. ಅಂದರೆ ಆಮೆಗೆ ಗೊತ್ತಿಲ್ಲದ ಒಂದು ಹೊಸ ಮಾತಿನ ಅರ್ಥವನ್ನು ಮಗು ಹೇಳಿಕೊಡುತ್ತಿದೆ. ಒಮ್ಮೆ ಹೇಳಿಕೊಟ್ಟ ಮೇಲೆ ಆ ಮಾತು ಆಮೆಯ ಶಬ್ದಕೋಶಕ್ಕೆ ಸೇರಿತು. ಮುಂದಿನ ಮೆಟ್ಟಿಲು ಇನ್ನೂ ಮುಖ್ಯ. ಬಾಹು, ಕೋನ ಎರಡನ್ನೂ ಅಂಕಿಯಾಗಿ ಹೇಳದೆ ಹೆಸರಾಗಿ ಇಟ್ಟರೆ ಒಂದೇ ಪ್ರೋಗ್ರಾಮ್‌ನಿಂದ ಸಾಲುಸಾಲು ಆಕೃತಿಗಳು ಹುಟ್ಟುತ್ತವೆ. ಕೋನಕ್ಕೆ 72 ಕೊಟ್ಟರೆ ಪಂಚಭುಜ. 144 ಕೊಟ್ಟರೆ ಐದು ಮೂಲೆಯ ನಕ್ಷತ್ರ! ಅದು ಹೇಗೆ ಬಂತು ಎಂದು ಹುಡುಕುತ್ತ ಹೊರಟ ಮಗುವಿಗೆ 144ರ ಐದರಷ್ಟು 720, ಅಂದರೆ ಆಮೆ ಎರಡು ಪೂರ್ಣ ಸುತ್ತು ತಿರುಗಿದೆ ಎಂದು ಸಿಗುತ್ತದೆ. ಹಾಗಾದರೆ ಏಳು ಮೂಲೆಯ ನಕ್ಷತ್ರಕ್ಕೆ ಎಷ್ಟು? ಆರು ಮೂಲೆಯ ನಕ್ಷತ್ರವನ್ನು ಹೀಗೆ ಒಂದೇ ಎಳೆಯಲ್ಲಿ ಬರೆಯಲು ಏಕೆ ಆಗುವುದಿಲ್ಲ? ಚರಾಕ್ಷರ, ಅಪವರ್ತನ, ಸಾಮಾನ್ಯ ಭಾಜಕ ಎಲ್ಲವೂ ಇಲ್ಲಿ ಬೇಡಿಕೆಯಿಂದ ಬರುತ್ತವೆ. ಬೀಜಗಣಿತದ ಪುಸ್ತಕದಲ್ಲಿ ‘ಎಕ್ಸ್’ ಎಂಬುದು ಕಂಡುಹಿಡಿಯಬೇಕಾದ ಗುಟ್ಟು. ಇಲ್ಲಿ ಅದು ತಿರುಗಿಸಿ ನೋಡಬಹುದಾದ ಕೀಲಿ.

1980ರಲ್ಲಿ ಪ್ಯಾಪರ್ಟ್ ಅವರ ‘ಮೈಂಡ್‌ಸ್ಟಾರ್ಮ್ಸ್’ ಪುಸ್ತಕ ಹೊರಬಂತು. ಫ್ರೆಂಚ್ ಕಲಿಯಲು ಫ್ರಾನ್ಸ್ ಇರುವ ಹಾಗೆ ಗಣಿತ ಕಲಿಯಲು ಒಂದು ಗಣಿತನಾಡು ಬೇಕು, ಕಂಪ್ಯೂಟರ್ ಅದನ್ನು ಕಟ್ಟಿಕೊಡಬಲ್ಲದು ಎಂಬುದು ಅದರ ಮುಖ್ಯ ಮಾತು. ಅದೇ ಹೊತ್ತಿಗೆ ಮೇಜಿನ ಮೇಲಿಡುವ ಅಗ್ಗದ ಕಂಪ್ಯೂಟರ್‌ಗಳು ಬಂದವು, ಅವುಗಳಿಗೆ ಲೋಗೋ ಬಂತು, ಅಮೆರಿಕ, ಯುರೋಪಿನ ಶಾಲೆಗಳು ಮುಗಿಬಿದ್ದವು. ತೊಂದರೆ ಶುರುವಾದದ್ದೂ ಅಲ್ಲೇ. ಕಂಪ್ಯೂಟರ್‌ಗಳೆಲ್ಲ ಒಂದು ಕೋಣೆ ಸೇರಿದವು, ಕೋಣೆಗೆ ಬೀಗ ಬಂತು, ಬೀಗದ ಕೈ ಹಿಡಿದ ಬೇರೆ ಶಿಕ್ಷಕರು ಬಂದರು, ವಾರಕ್ಕೊಂದು ಪೀರಿಯಡ್ ಬಂತು. ಗಣಿತದ ಮೇಷ್ಟ್ರು ಕಪ್ಪುಹಲಗೆಯ ಬಳಿಯೇ ಉಳಿದರು. ನಮ್ಮ ದೇಶದ ಕಥೆ ಶುರುವಾಗಿದ್ದೇ ಈ ಹಂತದಿಂದ. 1984–85ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಯೋಜನೆಯಡಿ ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್‌ಗಳನ್ನು ಕೊಟ್ಟಿತು. ಯೋಜನೆಯ ಪೂರ್ತಿ ಹೆಸರಿನಲ್ಲಿದ್ದದ್ದು ಕಂಪ್ಯೂಟರ್ ಸಾಕ್ಷರತೆ, ಗಣಿತದ ಸುಳಿವಿರಲಿಲ್ಲ. ಆ ಯಂತ್ರವನ್ನು ಆನ್ ಮಾಡಿದರೆ ಮೊದಲು ಎದುರಾಗುತ್ತಿದ್ದುದು ಬೇಸಿಕ್. ಇಬ್ಬರು ಗಣಿತ ಪ್ರಾಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಗಾಗಿ ಕಟ್ಟಿದ ಭಾಷೆ ಇಪ್ಪತ್ತು ವರ್ಷದ ನಂತರ ನಮ್ಮ ಶಾಲೆಗೆ ಬರುವ ಹೊತ್ತಿಗೆ ತನ್ನ ತವರನ್ನು ಮರೆತಿತ್ತು.

ಈ ಹೊತ್ತಿಗೆ ಗಂಭೀರ ಆಕ್ಷೇಪವೂ ಎದ್ದಿತ್ತು. ನ್ಯೂಯಾರ್ಕಿನ ಬ್ಯಾಂಕ್ ಸ್ಟ್ರೀಟ್ ಶಿಕ್ಷಣ ಕಾಲೇಜಿನ ರಾಯ್ ಪೀ, ಮಿಡಿಯನ್ ಕರ್ಲೆಂಡ್ 1984ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಒಂದು ವರ್ಷ ಲೋಗೋ ಕಲಿತ ಮಕ್ಕಳನ್ನೂ ಕಲಿಯದ ಮಕ್ಕಳನ್ನೂ ಕರೆದು, ಗಿಡಕ್ಕೆ ನೀರು ಹಾಕುವುದು, ಹಲಗೆ ಒರೆಸುವುದು ಮುಂತಾದ ತರಗತಿಯ ಕೆಲಸಗಳನ್ನು ಕಡಿಮೆ ಓಡಾಟದಲ್ಲಿ ಮುಗಿಸುವ ಯೋಜನೆ ಹಾಕಿ ಎಂದರು. ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಪ್ರೋಗ್ರಾಮಿಂಗ್ ಕಲಿತರೆ ಬುದ್ಧಿ ತಾನಾಗಿ ಚುರುಕಾಗುತ್ತದೆ ಎಂಬ ನಂಬಿಕೆಗೆ ಇದು ಬಿದ್ದ ಪೆಟ್ಟು. ಮರದಿಂದ ಕಟ್ಟಿದ ಒಂದು ಮನೆ ಬಿದ್ದರೆ ಮರ ಒಳ್ಳೆಯ ಮನೆ ಕೊಡುವುದಿಲ್ಲ ಎನ್ನುತ್ತೀರಾ ಎಂಬ ಧಾಟಿಯಲ್ಲಿ ಪ್ಯಾಪರ್ಟ್ 1987ರಲ್ಲಿ ಉತ್ತರಿಸಿದರು. ಮಾತು ಚೆನ್ನಾಗಿದೆ, ಆದರೆ ಸಾಲದು. ಮರದ ಬಗ್ಗೆ ಅತಿಯಾದ ಆಸೆ ಹುಟ್ಟಿಸಿದ್ದರಲ್ಲಿ ಅವರ ಪಾಲೂ ಇತ್ತು. ಎಲ್ಲ ಸೋಲನ್ನೂ ಬಡಗಿಯ ತಲೆಗೆ ಕಟ್ಟಿದರೆ ಆ ವಾದವನ್ನು ಯಾವ ಪರೀಕ್ಷೆಯೂ ಮುಟ್ಟಲಾರದು. ಬ್ಯಾಂಕ್ ಸ್ಟ್ರೀಟ್ ಅಧ್ಯಯನವನ್ನು ಒಪ್ಪಿಕೊಳ್ಳುವುದೇ ಪ್ರಾಮಾಣಿಕವಾದ ದಾರಿ. ಒಪ್ಪಿಕೊಂಡ ಮೇಲೆ ಅದು ಏನನ್ನು ಅಳೆಯಿತು ಎಂದು ಕೇಳಬೇಕು. ಗಿಡಕ್ಕೆ ನೀರು ಹಾಕುವ ಯೋಜನೆ ಗಣಿತವಲ್ಲ. ಆ ಮಕ್ಕಳು ಲೋಗೋ ಕಲಿತದ್ದೂ ಗಣಿತದ ಯಾವುದೋ ಒಂದು ಪರಿಕಲ್ಪನೆಯನ್ನು ಗುರಿಯಾಗಿಟ್ಟುಕೊಂಡ ಪಾಠವಾಗಿ ಅಲ್ಲ.

ಗಣಿತವನ್ನೇ ಗುರಿಯಾಗಿಟ್ಟು ಅಳೆದ ಕಡೆ ಸಿಕ್ಕ ಉತ್ತರ ಬೇರೆ. ಲಂಡನ್ನಿನಲ್ಲಿ ಸೀಲಿಯಾ ಹಾಯ್ಲ್ಸ್ ಮತ್ತು ರೋಸಮಂಡ್ ಸದರ್ಲೆಂಡ್ 1980ರ ದಶಕದಲ್ಲಿ ಗಣಿತದ ತರಗತಿಯೊಳಗೇ ಕಂಪ್ಯೂಟರ್ ಇಟ್ಟು, ಜೋಡಿಜೋಡಿಯಾಗಿ ಲೋಗೋ ಮಾಡುವ ಮಕ್ಕಳನ್ನು ಮೂರು ವರ್ಷ ಹಿಂಬಾಲಿಸಿದರು. ಚರಾಕ್ಷರವನ್ನು ಲೋಗೋದಲ್ಲಿ ಬಳಸಿದ ಮಕ್ಕಳಿಗೆ ಬೀಜಗಣಿತದ ಚರಾಕ್ಷರ ಹತ್ತಿರವಾಯಿತು. ಆದರೆ ಇದೂ ಅದೂ ಒಂದೇ ಎಂದು ಶಿಕ್ಷಕರು ಸೇತುವೆ ಕಟ್ಟಿಕೊಟ್ಟಾಗ. ಸೇತುವೆ ಇಲ್ಲದ ಕಡೆ ಮಕ್ಕಳು ಚೆಂದದ ಚಿತ್ರ ಬರೆದು ಸುಮ್ಮನಾದರು. ಅಮೆರಿಕದಲ್ಲಿ ಡಗ್ಲಸ್ ಕ್ಲೆಮೆಂಟ್ಸ್, ಮೈಕೆಲ್ ಬ್ಯಾಟಿಸ್ಟಾ, ಜೂಲಿ ಸರಾಮಾ ಲೋಗೋ ಬಳಸಿ ಕಲಿಸುವ ರೇಖಾಗಣಿತದ ಇಡೀ ಪಠ್ಯಕ್ರಮವನ್ನೇ ಬರೆದರು. ಶಿಶುವಿಹಾರದಿಂದ ಆರನೇ ತರಗತಿಯವರೆಗಿನ 1,600ಕ್ಕೂ ಹೆಚ್ಚು ಮಕ್ಕಳ ಮೇಲಿನ ಅವರ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಲೋಗೋ ಮಕ್ಕಳು ರೇಖಾಗಣಿತದ ಪರೀಕ್ಷೆಯಲ್ಲಿ ಗಳಿಸಿದ ಮುನ್ನಡೆ ಉಳಿದವರ ಮುನ್ನಡೆಯ ಸುಮಾರು ಎರಡು ಪಟ್ಟು ಇತ್ತು. ಬ್ಯಾಂಕ್ ಸ್ಟ್ರೀಟ್‌ನಲ್ಲೂ ಇಲ್ಲೂ ಪ್ರೋಗ್ರಾಮಿಂಗ್ ಒಂದೇ. ಗಣಿತವನ್ನು ಯಾರಾದರೂ ಬೇಕೆಂದೇ ಅದರೊಳಗೆ ಇಟ್ಟಿದ್ದರೇ ಎಂಬುದಷ್ಟೇ ಬೇರೆ.

ಇಲ್ಲಿ ಇನ್ನೊಂದು ಆಕ್ಷೇಪ ಸಹಜ. ಬಾಹ್ಯಕೋನದ ಪಾಠಕ್ಕೆ ಕಂಪ್ಯೂಟರ್ ಏಕೆ? ಶಾಲೆಯ ಅಂಗಳದಲ್ಲಿ ಸುಣ್ಣದ ಗೆರೆ ಎಳೆದು ನಡೆಸಿದರೆ ಸಾಲದೇ? ಖಂಡಿತ ಸಾಕು, ಎಷ್ಟೋ ಒಳ್ಳೆಯ ಮೇಷ್ಟ್ರುಗಳು ಹಾಗೆಯೇ ಕಲಿಸಿದ್ದಾರೆ. ಯಂತ್ರ ಕೊಡುವುದು ಒಂದೇ ಒಂದು ಹೆಚ್ಚುವರಿ ಸೌಕರ್ಯ: ಅದು ನಿಮ್ಮ ಮನಸ್ಸನ್ನು ಓದುವುದಿಲ್ಲ. ಗೆಳೆಯನಿಗೆ ‘ಹಾಗೆ ಸ್ವಲ್ಪ ತಿರುಗು’ ಎಂದರೆ ಅವನು ನಿಮ್ಮ ಉದ್ದೇಶ ಊಹಿಸಿ ಸರಿಯಾಗಿ ತಿರುಗುತ್ತಾನೆ. ತಪ್ಪು ಅಲ್ಲೇ ಮುಚ್ಚಿಹೋಗುತ್ತದೆ. ಆಮೆ ಊಹಿಸುವುದಿಲ್ಲ. ನಿಮ್ಮ ತಿಳಿವಳಿಕೆ ಎಲ್ಲಿ ಮುಕ್ಕಾಗಿದೆಯೋ ಅಲ್ಲೇ ಗೆರೆ ಮುಕ್ಕಾಗುತ್ತದೆ. ಲೆಕ್ಕದ ನೋಟುಬುಕ್ಕಿನಲ್ಲಿ ತಪ್ಪಿಗೆ ಕೆಂಪು ಇಂಕಿನ ಗುರುತು ಬೀಳುವುದು ಮರುದಿನ, ಅದೂ ಬೇರೆಯವರ ಕೈಯಿಂದ. ಇಲ್ಲಿ ತಪ್ಪು ತಕ್ಷಣ ಕಣ್ಣೆದುರು ನಿಲ್ಲುತ್ತದೆ, ತಿದ್ದುವ ಕೈ ಮಗುವಿನದೇ. ಹಾಗೆಂದು ಮಗ್ಗಿಯನ್ನು ಬಿಡಬೇಕೆಂದಲ್ಲ. 144ನ್ನು ಐದರಿಂದ ಗುಣಿಸಲು ತಡವರಿಸುವ ಮಗುವಿಗೆ ಆ ನಕ್ಷತ್ರದ ಗುಟ್ಟು ಸಿಗುವುದಿಲ್ಲ. ವಿಧಾನ ಹೇಳಬೇಕಾದವರಿಗೂ ಕೈಲೆಕ್ಕ ಬೇಕು, ಅಡುಗೆ ಹೇಳಿಕೊಡುವವರಿಗೆ ಉಪ್ಪಿನ ರುಚಿ ಗೊತ್ತಿರಬೇಕಾದ ಹಾಗೆ.

ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಪ್ರೋಗ್ರಾಮಿಂಗ್ ತನ್ನ ತವರಿಗೆ ಮರಳುವ ಲಕ್ಷಣಗಳಿವೆ. ಲೋಗೋದ ಮುಂದಿನ ಪೀಳಿಗೆಯಾದ ಸ್ಕ್ರ್ಯಾಚ್ ಎಂಐಟಿಯಿಂದ 2007ರಲ್ಲಿ ಬಂತು. ಫ್ರಾನ್ಸ್ 2016ರಿಂದ ಮಾಧ್ಯಮಿಕ ಶಾಲೆಯ ಗಣಿತದಲ್ಲಿ ಅದಕ್ಕೆ ಜಾಗ ಕೊಟ್ಟಿತು. ಸ್ವೀಡನ್ 2018ರಿಂದ ಬೀಜಗಣಿತದ ಭಾಗವಾಗಿ ಪ್ರೋಗ್ರಾಮಿಂಗ್ ತಂದಿತು. ಆದರೆ ಮರಳುವುದು ಸಲೀಸಲ್ಲ ಎಂದು ಇಂಗ್ಲೆಂಡಿನ ಅನುಭವ ಹೇಳುತ್ತದೆ. ಹಾಯ್ಲ್ಸ್ ಮತ್ತು ರಿಚರ್ಡ್ ನಾಸ್ ಅವರ ತಂಡ ರೂಪಿಸಿದ ಸ್ಕ್ರ್ಯಾಚ್‌ಮ್ಯಾಥ್ಸ್ ಎಂಬ ಎರಡು ವರ್ಷದ ಪಾಠಗಳನ್ನು 110 ಶಾಲೆಗಳಲ್ಲಿ ಪರೀಕ್ಷಿಸಿ, ಬೇರೆ ಸಂಸ್ಥೆಯವರು 2018ರಲ್ಲಿ ವರದಿ ಕೊಟ್ಟರು. ಪ್ರೋಗ್ರಾಮಿಂಗ್ ರೀತಿಯ ಯೋಚನೆಯಲ್ಲಿ ಮಕ್ಕಳು ಮುಂದೆ ಬಂದಿದ್ದರು, ರಾಷ್ಟ್ರೀಯ ಗಣಿತ ಪರೀಕ್ಷೆಯ ಅಂಕಗಳಲ್ಲಿ ಏರಿಕೆ ಇರಲಿಲ್ಲ. ನನ್ನ ವಾದಕ್ಕೆ ಇದು ಎದುರು ನಿಲ್ಲುವ ಸಾಕ್ಷಿ. ಗಣಿತವನ್ನು ಬೇಕೆಂದೇ ಒಳಗಿಟ್ಟವರೇ ಇಲ್ಲಿ ಗೆಲ್ಲಲಿಲ್ಲ. ಅರ್ಧ ಸಮಾಧಾನ ವರದಿಯಲ್ಲೇ ಇದೆ: ಗಣಿತದ ಪಾಲು ಹೆಚ್ಚಿದ್ದ ಎರಡನೇ ವರ್ಷದಲ್ಲೇ ಪರೀಕ್ಷೆಯ ತಯಾರಿಯ ಒತ್ತಡದಿಂದ ಶಾಲೆಗಳು ಆ ಪಾಠಗಳನ್ನು ಬದಿಗೆ ಸರಿಸಿದ್ದವು. ಉಳಿದರ್ಧವನ್ನು ಒಪ್ಪಿಕೊಳ್ಳಬೇಕು. ಕೊಟ್ಟ ವಿಧಾನವನ್ನು ಬೇಗ ಮಾಡಿ ಮುಗಿಸುವುದನ್ನೇ ಅಳೆಯುವ ಪರೀಕ್ಷೆ ಕೊನೆಯಲ್ಲಿ ಕಾದಿರುವಾಗ, ವಿಧಾನ ಹೇಳುವ ಜಾಗದಲ್ಲಿ ಮಗುವನ್ನು ಬಹಳ ದಿನ ನಿಲ್ಲಿಸಿಕೊಳ್ಳುವುದು ಒಳ್ಳೆಯ ಪಾಠದಿಂದಲೂ ಆಗುವ ಕೆಲಸವಲ್ಲ.

ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮಾಧ್ಯಮಿಕ ಹಂತದಿಂದ ಕೋಡಿಂಗ್ ಚಟುವಟಿಕೆಗಳನ್ನು ತರಬೇಕೆಂದಿದೆ. ಆ ಮಾತು ಬರುವುದು ಗಣಿತ ಮತ್ತು ಗಣಿತೀಯ ಚಿಂತನೆಯ ಪ್ರಸ್ತಾಪದ ಜೊತೆಯಲ್ಲೇ. ಕಾಗದದ ಮೇಲಿನ ಈ ನೆರೆಹೊರೆ ತರಗತಿಗೆ ಇಳಿಯುವುದೇ ಎಂಬುದು ಪ್ರಶ್ನೆ. ಕರ್ನಾಟಕದ ಪಿಯು ಕಾಲೇಜಿನ ಪಿಸಿಎಂಸಿ ಕಾಂಬಿನೇಷನ್‌ನಲ್ಲಿ ಗಣಿತವೂ ಕಂಪ್ಯೂಟರ್ ಸೈನ್ಸೂ ಒಂದೇ ಟೈಮ್‌ಟೇಬಲ್‌ನ ಅಕ್ಕಪಕ್ಕದಲ್ಲಿವೆ, ಗೋಡೆ ನಡುವೆ ಹಾಗೇ ಇದೆ. ವರ್ಗಸಮೀಕರಣದ ಮೂಲಗಳನ್ನು ಕಂಡುಹಿಡಿಯುವ ಪ್ರೋಗ್ರಾಮ್ ಪ್ರಾಕ್ಟಿಕಲ್ ರೆಕಾರ್ಡ್‌ನಲ್ಲಿ ನೀಟಾಗಿ ಏರುವಂಥದ್ದು. ಅದರೊಳಗೆ ಒಂದು ಕವಲಿದೆ: ಶೋಧಕ ಸೊನ್ನೆಗಿಂತ ಕಡಿಮೆಯಾದರೆ ಒಂದು ದಾರಿ, ಇಲ್ಲದಿದ್ದರೆ ಇನ್ನೊಂದು. ಆ ಕವಲನ್ನು ಅಳಿಸಿ ಓಡಿಸಿದರೆ ಋಣಸಂಖ್ಯೆಯ ವರ್ಗಮೂಲದ ಬಳಿ ಯಂತ್ರ ಎಡವುತ್ತದೆ, ಮತ್ತು ಏಕೆ ಎಡವಿತು ಎಂಬ ಪ್ರಶ್ನೆ ನೇರವಾಗಿ ಮಿಶ್ರಸಂಖ್ಯೆಗಳ ಬಾಗಿಲಿಗೆ ಕರೆದೊಯ್ಯುತ್ತದೆ. ಹಾಗೆ ಅಳಿಸಿ ನೋಡಲು ಪೀರಿಯಡ್‌ನಲ್ಲಿ ಹತ್ತು ನಿಮಿಷ ಬೇಕು, ಗಣಿತದ ಉಪನ್ಯಾಸಕರೊಬ್ಬರು ಲ್ಯಾಬಿನ ಹೊಸಿಲು ದಾಟಿ ಬರಬೇಕು. ರೆಕಾರ್ಡ್‌ಗೆ ಸಹಿ ಬೀಳುವುದು ಮಾತ್ರ ಎಡವದೆ ಓಡಿದ ಪ್ರೋಗ್ರಾಮ್‌ಗೆ.